ಕರಾವಳಿಯ ಕೋಣೆಗೆ ಯಾವ ಸ್ಪೀಕರ್? ವ್ಯಾಟ್ ಒಂದೇ ಅಳತೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಮನೆಯ ಒಂದು ಕೋಣೆಯನ್ನು ಸಂಗೀತ ಕೇಳುವುದಕ್ಕೆಂದೇ ಅಣಿಗೊಳಿಸುವ ಬಗ್ಗೆ ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ಕನ್ನಡದ ದಿನಪತ್ರಿಕೆಯೊಂದು ಈ ವಿಷಯಕ್ಕೆ ಅರ್ಧ ಪುಟ ಕೊಟ್ಟಿತೆಂಬುದು ನಿಜವಾಗಿಯೂ ಸಂತೋಷದ ಸಂಗತಿ. ಆದರೆ ಅದರಲ್ಲಿ ಬಂದ ಎರಡು ಮಾತುಗಳು, ಎಂದರೆ ಹೆಚ್ಚು ವ್ಯಾಟ್ ಇರುವ ಸ್ಪೀಕರೇ ಉತ್ತಮ ಎಂಬುದು ಮತ್ತು ಆಂಪ್ಲಿಫೈಯರನ್ನು ಬೇರೆಯಾಗಿ ಬೇಡುವ ಪ್ಯಾಸಿವ್ ಸ್ಪೀಕರುಗಳ ಕಾಲ ಮುಗಿಯಿತು ಎಂಬುದು, ಉತ್ತರ ಕನ್ನಡದ ಕರಾವಳಿಯಲ್ಲಿ ಮನೆ ಮಾಡಿಕೊಂಡಿರುವ ಓದುಗರನ್ನು ತಪ್ಪು ಖರೀದಿಗೆ ಹಚ್ಚಬಲ್ಲವು. ಅಂಥ ತಪ್ಪು ಖರೀದಿಯನ್ನು ಸ್ವತಃ ಮಾಡಿ, ಅದರಿಂದ ಹೊರಬರಲು ಕೆಲವು ವರ್ಷ ಕಳೆದವನು ನಾನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಓದುಗರ ಪತ್ರಕ್ಕೆ ಇದು ಉದ್ದವೆನಿಸಿದರೆ ಕ್ಷಮಿಸಬೇಕು. ವಿಷಯ ಅಷ್ಟು ಬೇಡುತ್ತದೆ.

ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಕುಮಟಾದ ಹಿರಿಯರ ಮನೆಗೆ ಮರಳಿದಾಗ, ವರ್ಗಾವಣೆಯ ಊರುಗಳಲ್ಲೆಲ್ಲ ಹೊತ್ತು ತಿರುಗಿದ್ದ ಕ್ಯಾಸೆಟ್ಟುಗಳನ್ನೂ ಸೀಡಿಗಳನ್ನೂ ಇನ್ನಾದರೂ ಸಾವಧಾನವಾಗಿ ಕೇಳಬೇಕೆಂಬುದು ನನ್ನ ಒಂದೇ ಆಸೆಯಾಗಿತ್ತು. ಅವುಗಳಲ್ಲಿ ಧಾರವಾಡದ ಕಡೆಯ ಗಾಯಕರ ಖ್ಯಾಲುಗಳಿವೆ, ಯಕ್ಷಗಾನದ ಬಡಗುತಿಟ್ಟಿನ ಭಾಗವತಿಕೆಯಿದೆ, ರಾತ್ರಿಯಿಡೀ ನಡೆದ ತಾಳಮದ್ದಳೆಗಳ ಧ್ವನಿಮುದ್ರಣಗಳಿವೆ. ನಿವೃತ್ತಿಗೆ ಮೊದಲೇ ಒಂದು ದೊಡ್ಡ ಊರಿನ ಅಂಗಡಿಯಲ್ಲಿ, ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಅಚ್ಚಾಗಿದ್ದ ಒಂದು ಜೋಡಿಯನ್ನು ಕೊಂಡಿದ್ದೆ. ಅಂಗಡಿಯಲ್ಲಿ ಅದು ಎದೆ ನಡುಗಿಸಿತ್ತು. ಮನೆಗೆ ತಂದು, ಜಗಲಿಯ ಪಕ್ಕದ ಎಂಟು ಅಡಿ ಅಗಲದ ಕೋಣೆಯಲ್ಲಿ ಗೋಡೆಗೆ ತಾಗಿಸಿಟ್ಟು ಖ್ಯಾಲ್ ಹಾಕಿದರೆ, ತಂಬೂರಿಯ ಕೊನೆಯ ತಂತಿ ಮೀಟಿದಾಗಲೆಲ್ಲ ಕೋಣೆ ಗುಂಯ್ಯೆಂದು ಊದಿಕೊಳ್ಳುತ್ತಿತ್ತು ಮತ್ತು ಆ ಊತದ ಹಿಂದೆ ಗಾಯಕನ ಧ್ವನಿ ಮಸುಕಾಗುತ್ತಿತ್ತು. ನಮ್ಮ ಓಣಿಯಲ್ಲಿ ಹವ್ಯಾಸಿ ಭಾಗವತರೊಬ್ಬರಿದ್ದಾರೆ. ಅವರನ್ನು ಕರೆದು ಅವರದೇ ಮೇಳದ ಮುದ್ರಣ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, "ತಮಾ, ಇದು ಚಂಡೆ ಅಲ್ಲ, ತಗಡು. ಮದ್ದಳೆ ಎಲ್ಲಿ ಹೋಯ್ತು?" ಎಂದರು. ಅಲ್ಲಿಂದಾಚೆ ನಾನು ಈ ವಿಷಯವನ್ನು ಓದಿ, ಅಳೆದು, ಕೇಳಿ ತಿಳಿಯಲು ತೊಡಗಿದೆ.

ಮೊದಲಿಗೆ ವ್ಯಾಟಿನ ಮಾತು. ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಅಚ್ಚಾಗುವ ದೊಡ್ಡ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲ. ಅದನ್ನು ನೋಡದಿರುವುದೇ ಲೇಸು. ಆರ್‌ಎಂಎಸ್ ಎಂದು ಬರೆಯುವ, ನಿರಂತರವಾಗಿ ಕೊಡಬಲ್ಲ ಶಕ್ತಿಯ ಅಂಕಿಗೆ ಅರ್ಥವಿದೆ. ಆದರೆ ಅದೂ ಆಂಪ್ಲಿಫೈಯರಿನ ಗುಣವೇ ಹೊರತು ಸ್ಪೀಕರಿನದಲ್ಲ. ಪ್ಯಾಸಿವ್ ಸ್ಪೀಕರಿನ ಮೇಲೆ ಬರೆದ ವ್ಯಾಟ್, ಅದು ಎಷ್ಟು ಶಕ್ತಿಯನ್ನು ಕೆಡದೆ ತಾಳಿಕೊಳ್ಳುತ್ತದೆ ಎಂಬುದನ್ನು ಸರಿಸುಮಾರಾಗಿ ತಿಳಿಸುತ್ತದೆ, ಅಷ್ಟೆ. ನಾವು ನಿಜಕ್ಕೂ ನೋಡಬೇಕಾದದ್ದು ಸೆನ್ಸಿಟಿವಿಟಿ ಎಂಬ ಅಂಕಿಯನ್ನು: 2.83 ವೋಲ್ಟ್ ಕೊಟ್ಟಾಗ, ಅಂದರೆ 8 ಓಮಿನ ಸ್ಪೀಕರಿಗೆ 1 ವ್ಯಾಟ್ ಕೊಟ್ಟಾಗ, ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಳತೆ ಅದು. ಸಣ್ಣ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಇದು ಸಾಮಾನ್ಯವಾಗಿ 83ರಿಂದ 88ರೊಳಗೆ ಇರುತ್ತದೆ. ಐದು ಡೆಸಿಬೆಲ್‌ಗಳ ಈ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಂಡರೂ, ಅಷ್ಟೇ ಸದ್ದು ಪಡೆಯಲು 83ರ ಸ್ಪೀಕರಿಗೆ 88ರದಕ್ಕಿಂತ ಮೂರು ಪಟ್ಟು ಶಕ್ತಿ ಬೇಕು. ಅದೇ 50 ವ್ಯಾಟಿನ ಆಂಪ್ಲಿಫೈಯರನ್ನು ತೆಗೆದು 100 ವ್ಯಾಟಿನದನ್ನು ತಂದರೆ ಸಿಗುವುದು ಬರೀ 3 ಡೆಸಿಬೆಲ್. ಸ್ವಲ್ಪ ಜೋರಾಯಿತು ಎಂದಷ್ಟೇ ಕಿವಿಗೆ ಅನ್ನಿಸುತ್ತದೆ.

ಮನೆಯಲ್ಲಿ ಎಷ್ಟು ಶಕ್ತಿ ಸಾಕು ಎಂಬುದನ್ನು ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. 86 ಡೆಸಿಬೆಲ್ ಸೆನ್ಸಿಟಿವಿಟಿಯ ಒಂದು ಜೋಡಿ ಸ್ಪೀಕರಿನಿಂದ ಎರಡೂವರೆ ಮೀಟರ್ ದೂರದಲ್ಲಿ ಕುಳಿತರೆ, ದೂರಕ್ಕೆ ಸುಮಾರು 8 ಡೆಸಿಬೆಲ್ ಕಳೆಯಬೇಕು, ಎರಡು ಸ್ಪೀಕರುಗಳಿರುವುದಕ್ಕೆ 3 ಕೂಡಿಸಬೇಕು. ಕೋಣೆಯ ಗೋಡೆಗಳು ಮರಳಿಸುವುದು ಇನ್ನಷ್ಟು ಇರುತ್ತದೆ, ಅದನ್ನು ಬಿಟ್ಟರೂ ಒಂದೊಂದಕ್ಕೆ 1 ವ್ಯಾಟಿಗೆ 81 ಡೆಸಿಬೆಲ್ ಸಿಗುತ್ತದೆ. ಮನೆಯಲ್ಲಿ ತೃಪ್ತಿಯಾಗಿ ಕೇಳಲು 75 ಸಾಕಾಗುವುದರಿಂದ, ಹೆಚ್ಚಿನ ಹೊತ್ತು ಕಾಲು ವ್ಯಾಟಿನಲ್ಲೇ ಕೆಲಸ ನಡೆದುಹೋಗುತ್ತದೆ. ಚಂಡೆಯ ಪೆಟ್ಟಿನಂಥ ಕ್ಷಣಗಳು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋದರೆ ಆ ಕ್ಷಣಕ್ಕೆ ನೂರು ಪಟ್ಟು ಶಕ್ತಿ, ಅಂದರೆ 25 ವ್ಯಾಟ್ ಬೇಕು. ಹಾಗಾಗಿ 40 ಅಥವಾ 50 ವ್ಯಾಟಿನ ಪ್ರಾಮಾಣಿಕ ಆಂಪ್ಲಿಫೈಯರು ನಮ್ಮ ಕೋಣೆಗಳಿಗೆ ಧಾರಾಳವಾಗುತ್ತದೆ. ಆದರೆ ಓಮಿನ ಅಂಕಿಯನ್ನು ಮಾತ್ರ ಕಡೆಗಣಿಸಬಾರದು. ಹೊರಗೆ 8 ಓಮ್ ಎಂದು ಬರೆದಿದ್ದರೂ ಕೆಲವು ಕಂಪನಗಳಲ್ಲಿ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 4 ಓಮಿಗಿಂತ ಕೆಳಗಿಳಿಯುವ ಸ್ಪೀಕರುಗಳಿವೆ, ಅಲ್ಲಿ ಬಡಕಲು ಆಂಪ್ಲಿಫೈಯರು ಬಿಸಿಯಾಗಿ ಸೋಲುತ್ತದೆ. ಕನಿಷ್ಠ ಇಂಪೀಡೆನ್ಸ್ ಎಷ್ಟು ಎಂದು ಕೇಳಿ ತಿಳಿದೇ ಕೊಳ್ಳಬೇಕು.

ಈಗ ನನ್ನ ಎಂಟು ಅಡಿಯ ಕೋಣೆಗೆ ಬರುತ್ತೇನೆ, ಏಕೆಂದರೆ ನಾನು ಸ್ಪೀಕರಿನ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ಆ ಕೋಣೆಯದಾಗಿತ್ತು. ಎದುರುಬದುರಿನ ಎರಡು ಗಟ್ಟಿ ಗೋಡೆಗಳ ನಡುವೆ ಒಂದು ನಿರ್ದಿಷ್ಟ ಕಂಪನ ಹೋಗಿಬಂದು ತನ್ನನ್ನೇ ಬಲಪಡಿಸಿಕೊಳ್ಳುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಅದನ್ನು ಭಾಗಿಸಿದರೆ ಆ ಕಂಪನ ಸಿಗುತ್ತದೆ. ಎಂಟು ಅಡಿ ಎಂದರೆ 2.44 ಮೀಟರ್, ಅಲ್ಲಿಗೆ ಉತ್ತರ 70 ಹರ್ಟ್ಜ್, ಅಂದರೆ ಸೆಕೆಂಡಿಗೆ 70 ಕಂಪನ. ಇನ್ನು ಕಪ್ಪು ಒಂದರ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ, ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್, ಅವನ ತಂಬೂರಿಯ ಕೊನೆಯ, ಖರಜದ ತಂತಿ ಅದರ ಅರ್ಧ, ಅಂದರೆ 69 ಹರ್ಟ್ಜ್! ನನ್ನ ಕೋಣೆ ಆ ಒಂದು ತಂತಿಗೆಂದೇ ಕಟ್ಟಿದ ಬುರುಡೆಯಂತೆ ವರ್ತಿಸುತ್ತಿತ್ತು. ಹೆಣ್ಣುಧ್ವನಿಯ ತಂಬೂರಿಯನ್ನು ಕಪ್ಪು ಐದಕ್ಕೆ ಕೂಡಿಸಿದರೆ ಮಂದ್ರ ಷಡ್ಜ 116ರ ಆಸುಪಾಸಿನಲ್ಲಿರುವುದರಿಂದ ಆ ಮುದ್ರಣಗಳಲ್ಲಿ ಈ ಗುಂಯ್ಯೆನ್ನುವಿಕೆ ಅಷ್ಟಾಗಿ ಇರಲಿಲ್ಲ ಎಂಬುದು ಆಗ ನೆನಪಾಗಿ, ಲೆಕ್ಕ ಸರಿಯೆಂದು ಖಾತ್ರಿಯಾಯಿತು.

ಅದೇ ಸ್ಪೀಕರುಗಳನ್ನು ಮೆತ್ತಿನ ಮೇಲಿನ ದೊಡ್ಡ ಕೋಣೆಗೆ ಒಯ್ದು, ಗೋಡೆಯಿಂದ ಎರಡಡಿ ಈಚೆ ಇಟ್ಟಾಗ ಊತದ ಬಹುಪಾಲು ತಾನಾಗಿ ಇಳಿಯಿತು. ಅಲ್ಲಿ ಮೇಲೆ ಮಂಗಳೂರು ಹಂಚಿನ ಮಾಡು ಇದೆ. ಇಳಿಜಾರಾದ ಹಂಚಿನ ಮಾಡು ನೆಲಕ್ಕೆ ಸಮಾನಾಂತರವಲ್ಲ, ಸಂದುಗಳಿಂದ ತಗ್ಗಿನ ಸ್ವರಗಳು ಹೊರಗೆ ಹೋಗಿಬಿಡುತ್ತವೆ. ಹಳೆಯ ಮನೆಗಳಲ್ಲಿ ಹಾಡು ಹಿತವಾಗಿ ಕೇಳುವುದಕ್ಕೆ ಇದೊಂದು ಕಾರಣವೆಂದು ನಾನು ನಂಬಿದ್ದೇನೆ. ಇದಕ್ಕೆ ವಿರುದ್ಧವಾಗಿ ಈಗ ಕಾರವಾರದಿಂದ ಭಟ್ಕಳದವರೆಗೆ ಏಳುತ್ತಿರುವ ಆರ್‌ಸಿಸಿ ಮನೆಗಳಲ್ಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಗಳೇ ಹೆಚ್ಚು. ಅಗಲಕ್ಕೂ ಎತ್ತರಕ್ಕೂ ಒಂದೇ 56 ಹರ್ಟ್ಜ್ ಬರುವುದರಿಂದ ಅಲ್ಲಿ ಕಂಪನಗಳು ಒಂದರ ಮೇಲೊಂದು ಕುಳಿತುಕೊಳ್ಳುತ್ತವೆ. ಜೊತೆಗೆ ನುಣುಪು ಟೈಲ್ಸಿನ ನೆಲ, ಬರೀ ಗೋಡೆ. ಅಂಥ ಕೋಣೆಗೆ 30 ಹರ್ಟ್ಜ್‌ವರೆಗೆ ಇಳಿಯುವ ದೊಡ್ಡ ಸ್ಪೀಕರನ್ನು ತರುವುದು ಕಾಯಿಲೆಗೆ ಕಾಯಿಲೆಯನ್ನೇ ಮದ್ದಾಗಿ ಕೊಟ್ಟಂತೆ. ನಮ್ಮ ಸಂಗೀತದ ತಳ ಖರಜದ ತಂತಿಯಲ್ಲಿ, ಡಗ್ಗಾದ ಗುಮುಕಿನಲ್ಲಿ ಮುಗಿಯುತ್ತದೆ. 50ರಿಂದ 60 ಹರ್ಟ್ಜ್‌ವರೆಗೆ ಸ್ವಚ್ಛವಾಗಿ ಇಳಿಯುವ, ತಗ್ಗಿನ ಸ್ವರಗಳನ್ನು ನುಡಿಸುವ ಘಟಕ, ಅಂದರೆ ವೂಫರ್, ಐದೂಕಾಲು ಅಥವಾ ಆರೂವರೆ ಅಂಗುಲ ಇರುವ ಚಿಕ್ಕ ಪೆಟ್ಟಿಗೆಯೇ ಅದಕ್ಕೆ ಸಾಕು, ಕೋಣೆಗೂ ಒಳ್ಳೆಯದು.

ಹಾಗಾದರೆ ಯಾವ ಚಿಕ್ಕ ಪೆಟ್ಟಿಗೆ? ಇಲ್ಲಿ ಒಂದು ಹಳೆಯ ಉದಾಹರಣೆ ಹೇಳಬೇಕು. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು, ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ದೊಡ್ಡ ಪೆಟ್ಟಿಗೆಗಳಿಗೆ ಜಾಗವಿಲ್ಲವೆಂದು, ಹೆಚ್ಚುಕಡಿಮೆ ಒಂದಡಿ ಎತ್ತರದ ಎಲ್‌ಎಸ್3/5ಎ ಎಂಬ ಮುಚ್ಚಿದ ಪೆಟ್ಟಿಗೆಯ ಸ್ಪೀಕರನ್ನು ರೂಪಿಸಿದರು. ಅದರ ಸೆನ್ಸಿಟಿವಿಟಿ 83 ಡೆಸಿಬೆಲ್‌ನ ಆಸುಪಾಸು, ತಗ್ಗಿನ ಸ್ವರಗಳೂ ಕಡಿಮೆ. ಆದರೂ ಅರ್ಧ ಶತಮಾನ ಕಳೆದ ಮೇಲೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ, ಹೊಸದಾಗಿ ತಯಾರಿಸುವವರೂ ಇದ್ದಾರೆ. ಕಾರಣ, ಮನುಷ್ಯನ ಮಾತು ಅದರಲ್ಲಿ ಮನುಷ್ಯನ ಮಾತಾಗಿಯೇ ಕೇಳುತ್ತದೆ. ಹುಟ್ಟಿದಾರಭ್ಯ ಕೇಳುತ್ತ ಬಂದ ಮಾತಿನ ವಿಷಯದಲ್ಲಿ ನಮ್ಮ ಕಿವಿಯನ್ನು ವಂಚಿಸುವುದು ಬಹಳ ಕಷ್ಟ. ಸ್ಪೀಕರಿನಿಂದ ಬರುವ ಧ್ವನಿಯಲ್ಲಿ ಸ್ವಲ್ಪ ಮೂಗು ಸೇರಿದರೂ, ಎದೆ ಹೆಚ್ಚಾದರೂ, ಸಕಾರ ಸೀಟಿಯಾದರೂ ತಕ್ಷಣ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಈ ಪರೀಕ್ಷೆಗೆ ಬೇಕಾದ ಸಾಮಗ್ರಿ ಮನೆಯಲ್ಲೇ ಇದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಭಾಗವತರ ಪದ, ಮದ್ದಳೆ, ಚಂಡೆ ಮತ್ತು ಅರ್ಥಧಾರಿಗಳ ಮಾತು. ಎದುರು ಕುಳಿತು ಹತ್ತಾರು ಸಲ ಕೇಳಿದ ಅರ್ಥಧಾರಿಯ ಧ್ವನಿಯನ್ನು ಸ್ಪೀಕರಿನಲ್ಲಿ ಕೇಳಿ, ಅವರು ಎದುರಿಗಿದ್ದಾರೆಯೇ ಅಥವಾ ಡಬ್ಬಿಯೊಳಗಿದ್ದಾರೆಯೇ ಎಂದು ಹೇಳಲು ಯಾವ ಯಂತ್ರವೂ ಬೇಕಾಗಿಲ್ಲ. ಅದರ ನಂತರ ನಾನು ಹಾಕುವುದು ಗಂಗೂಬಾಯಿ ಹಾನಗಲ್ ಅವರ ಗಾಯನವನ್ನು. ಹೆಣ್ಣುಧ್ವನಿಗೆ ಅಪರೂಪವಾದ ಅವರ ಆ ತಗ್ಗಿನ, ಗಂಭೀರ ಧ್ವನಿಯಲ್ಲಿ ಸ್ಪೀಕರು ಎದೆಯ ಭಾಗವನ್ನು ಊದಿಸಿದರೆ ಅದು ಗಂಡಸಿನ ಧ್ವನಿಯಂತಾಗಿಬಿಡುತ್ತದೆ, ಅದನ್ನು ಕಳೆದುಕೊಂಡರೆ ಅವರ ಧ್ವನಿಯ ಭಾರವೇ ಹೋಗುತ್ತದೆ. ಮೂರನೆಯದು ತಂಬೂರಿ ಒಂದೇ, ಹಾಡಿಲ್ಲದೆ. ತಂತಿಯ ಝೇಂಕಾರವಾದ ಜವಾರಿಯಿಂದ ಹುಟ್ಟುವ ಮೇಲಿನ ಸ್ವರಾಂಶಗಳು ವೂಫರಿನಿಂದ ಟ್ವೀಟರಿಗೆ, ಅಂದರೆ ಮೇಲಿನ ಸ್ವರಗಳ ಘಟಕಕ್ಕೆ, ದಾಟುವಾಗ ಎಲ್ಲಿಯಾದರೂ ಹರಿದಂತೆ ಕೇಳಿದರೆ, ಸ್ವರಗಳನ್ನು ಎರಡಕ್ಕೂ ಹಂಚುವ ಆ ಪೆಟ್ಟಿಗೆಯ ಕ್ರಾಸ್‌ಓವರ್ ಸರಿಯಿಲ್ಲವೆಂದೇ ಅರ್ಥ.

ಈ ಮೂರು ಮುದ್ರಣಗಳನ್ನು ಹಿಡಿದು ನಾನು ಹುಬ್ಬಳ್ಳಿಗೆ ಎರಡು ಸಲ, ಬೆಂಗಳೂರಿಗೆ ಒಂದು ಸಲ ಹೋದೆ. ಕೊನೆಗೆ ಕಣದಲ್ಲಿ ಉಳಿದದ್ದು ಮೂರು: ವಾರ್ಫ್‌ಡೇಲ್ ಡೈಮಂಡ್ 12.1, ಎಲಾಕ್ ಡೆಬ್ಯೂ ಬಿ6.2 ಮತ್ತು ಕೆಇಎಫ್ ಕ್ಯೂ150. ಮಾದರಿಗಳು ಬದಲಾಗುತ್ತಿರುತ್ತವೆ. ಇವುಗಳ ಹೆಸರು ಹೇಳುತ್ತಿರುವುದು ಹೋಲಿಸುವ ದಾರಿ ತಿಳಿಯಲಿ ಎಂದು ಮಾತ್ರ. 1932ರಲ್ಲಿ ಯಾರ್ಕ್‌ಶೈರಿನಲ್ಲಿ ಆರಂಭವಾದ ವಾರ್ಫ್‌ಡೇಲ್ ಕಂಪನಿಯ ಪೆಟ್ಟಿಗೆಯಲ್ಲಿ ಕೋನನ್ನು, ಅಂದರೆ ಕಂಪಿಸಿ ಸದ್ದು ಹೊರಡಿಸುವ ಪೊರೆಯನ್ನು, ಪಾಲಿಪ್ರೊಪಿಲೀನಿಗೆ ಅಭ್ರಕ ಬೆರೆಸಿ ಮಾಡಿದ್ದಾರೆ. ನೀರನ್ನು ಹೀರದ ವಸ್ತು, ನಮ್ಮ ಹವೆಗೆ ಹೇಳಿ ಮಾಡಿಸಿದ್ದು. 88 ಡೆಸಿಬೆಲ್ ಸೆನ್ಸಿಟಿವಿಟಿ ಇರುವುದರಿಂದ ಮನೆಯಲ್ಲಿರುವ ಹಳೆಯ, ಸಣ್ಣ ಆಂಪ್ಲಿಫೈಯರಿಗೂ ಅದು ಹೊರೆಯಲ್ಲ. ಧ್ವನಿ ಮೃದು, ಎಷ್ಟು ಹೊತ್ತು ಕೇಳಿದರೂ ದಣಿವಿಲ್ಲ. ಆದರೆ ಚಂಡೆಯ ತುಯ್ತ ಸ್ವಲ್ಪ ಮೊಂಡಾಗಿ ಬಂದಂತೆ ನನ್ನ ಕಿವಿಗೆ ಅನ್ನಿಸಿತು. ಎಲಾಕಿನದು ಆರೂವರೆ ಅಂಗುಲದ ಅರಾಮಿಡ್ ನಾರಿನ ಕೋನ್, 87 ಡೆಸಿಬೆಲ್, 6 ಓಮ್. ಅದರ ಗಾಳಿಯ ಕಿಂಡಿ, ಅಂದರೆ ಪೋರ್ಟ್, ಮುಂದುಗಡೆಯೇ ಇರುವುದರಿಂದ ಸ್ಪೀಕರನ್ನು ಗೋಡೆಯ ಹತ್ತಿರವೇ ಇಡಬೇಕಾದ ಚಿಕ್ಕ ಕೋಣೆಯವರಿಗೆ ಅನುಕೂಲ. ಮದ್ದಳೆಯ ತೂಕ ಇದರಲ್ಲೇ ಚೆನ್ನಾಗಿ ಕೇಳಿತು ಎಂಬುದನ್ನು ಒಪ್ಪಬೇಕು.

ನಾನು ಆರಿಸಿಕೊಂಡದ್ದು ಮೂರನೆಯದನ್ನು. ಅದಕ್ಕೆ ಕಾರಣ ನಮ್ಮ ಮನೆಗಳಲ್ಲಿ ಜನ ಕುಳಿತುಕೊಳ್ಳುವ ರೀತಿ. ಸಾಮಾನ್ಯ ಸ್ಪೀಕರಿನಲ್ಲಿ ಟ್ವೀಟರ್ ಮೇಲೆ, ವೂಫರ್ ಕೆಳಗೆ ಇರುತ್ತದೆ. ಇವೆರಡೂ ಕೆಲಸ ಹಂಚಿಕೊಳ್ಳುವ 2000ದಿಂದ 3000 ಹರ್ಟ್ಜ್‌ಗಳ ನಡುವೆ ಎರಡರಿಂದಲೂ ಒಂದೇ ಸ್ವರ ಹೊರಡುತ್ತದೆ. ಟ್ವೀಟರಿನ ಮಟ್ಟಕ್ಕೆ ಕಿವಿ ಇದ್ದರೆ ಎರಡೂ ಸರಿಯಾಗಿ ಕೂಡುತ್ತವೆ. ಆದರೆ ನಮ್ಮಲ್ಲಿ ಹಿರಿಯರು ಆರಾಮ ಕುರ್ಚಿಯಲ್ಲಿ, ಉಳಿದವರು ಚಾಪೆಯ ಮೇಲೆ. ಒಂದೂವರೆ ಮೀಟರ್ ದೂರದಲ್ಲಿ ನೆಲದ ಮೇಲೆ ಕುಳಿತವನ ಕಿವಿ ಟ್ವೀಟರಿಗಿಂತ ಎರಡು ಅಡಿ ಕೆಳಗಿದ್ದರೆ, ಎರಡು ಘಟಕಗಳಿಂದ ಬರುವ ಸದ್ದು ಕ್ರಮಿಸುವ ದಾರಿಯಲ್ಲಿ ಐದಾರು ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. 2200 ಹರ್ಟ್ಜ್‌ನ ಅಲೆಯ ಪೂರ್ತಿ ಉದ್ದವೇ ಹದಿನೈದು-ಹದಿನಾರು ಸೆಂಟಿಮೀಟರ್ ಆದ್ದರಿಂದ, ಒಂದು ಇನ್ನೊಂದನ್ನು ಭಾಗಶಃ ಅಳಿಸಿಹಾಕುತ್ತದೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವ ಜಾಗವೇ ತೆಳ್ಳಗಾಗುತ್ತದೆ. ಕ್ಯೂ150ರಲ್ಲಿ ಟ್ವೀಟರನ್ನು ಐದೂಕಾಲು ಅಂಗುಲದ ವೂಫರಿನ ನಡುಮಧ್ಯದಲ್ಲೇ ಕೂರಿಸಿದ್ದಾರೆ. ಚಾಪೆಯ ಮೇಲೆ ಕುಳಿತರೂ, ಕುರ್ಚಿಯಲ್ಲಿ ಕುಳಿತರೂ, ಬಾಗಿಲಲ್ಲಿ ನಿಂತು ಕೇಳಿದರೂ ಅರ್ಥಧಾರಿಯ ಮಾತು ಒಂದೇ ಬಾಯಿಂದ ಬಂದಂತೆ ಕೇಳುತ್ತದೆ. ಎಲ್‌ಎಸ್3/5ಎ ಪೆಟ್ಟಿಗೆಗೆ ಬಿಬಿಸಿ ಬಳಸಿದ ಘಟಕಗಳೂ ಇದೇ ಕೆಇಎಫ್ ಕಂಪನಿಯವು ಎಂಬುದು ತಿಳಿದದ್ದು ಆಮೇಲೆ. ಇದರ ಕೊರತೆಗಳನ್ನೂ ಹೇಳಬೇಕಷ್ಟೆ: 86 ಡೆಸಿಬೆಲ್ ಮಾತ್ರ, ಇಂಪೀಡೆನ್ಸ್ 3.7 ಓಮ್‌ವರೆಗೆ ಇಳಿಯುವುದರಿಂದ ಗಟ್ಟಿ ಆಂಪ್ಲಿಫೈಯರು ಬೇಕು, ಪೋರ್ಟ್ ಹಿಂದುಗಡೆ ಇರುವುದರಿಂದ ಗೋಡೆಯಿಂದ ಈಚೆ ಇಡಲು ಜಾಗ ಬೇಕು. ಬೇರೆ ಬಗೆಯ ಸ್ಪೀಕರನ್ನು ಈಗಾಗಲೇ ಕೊಂಡವರು ಅದರ ಮುಖವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಅಥವಾ ಸ್ಟ್ಯಾಂಡನ್ನು ಗಿಡ್ಡ ಮಾಡಿಸಿ ಚಾಪೆಯವರಿಗೂ ನ್ಯಾಯ ಒದಗಿಸಬಹುದು.

ಅಂಗಡಿಯಲ್ಲಿ ಹೋಲಿಸುವಾಗ ಒಂದು ಎಚ್ಚರ ಅತ್ಯಗತ್ಯ. ಎರಡರಲ್ಲಿ ಯಾವುದು ಕೂದಲೆಳೆಯಷ್ಟು ಜೋರಾಗಿದೆಯೋ ಅದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ, ಒಂದು ಡೆಸಿಬೆಲ್ ಸಾಕು. 88ರ ಸ್ಪೀಕರನ್ನೂ 85ರದನ್ನೂ ಗುಂಡಿಯನ್ನು ಒಂದೇ ಕಡೆ ಇಟ್ಟು ಕೇಳಿಸಿದರೆ ಮೊದಲನೆಯದು ಗೆದ್ದೇ ಗೆಲ್ಲುತ್ತದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು, ಸಾಧ್ಯವಾದರೆ ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳಬೇಕು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಹೀಗೆ ಸ್ಪೀಕರ್ ಕಾಣದಂತೆ ಕೇಳಿಸಿ ವರ್ಷಗಟ್ಟಲೆ ಪರೀಕ್ಷೆ ನಡೆಸಿದಾಗ, ಜನ ಮೆಚ್ಚಿದ್ದು ಯಾವ ಸ್ವರವನ್ನೂ ಎತ್ತಿ ಹಿಡಿಯದೆ ಸಮವಾಗಿ ನುಡಿಯುವ, ನೇರದಲ್ಲೂ ಪಕ್ಕದಲ್ಲೂ ಒಂದೇ ಗುಣ ಉಳಿಸಿಕೊಳ್ಳುವ ಸ್ಪೀಕರುಗಳನ್ನೇ. ಎದೆ ನಡುಗಿಸುವ ಗುಣಕ್ಕೆ ಅಲ್ಲಿ ಮೊದಲ ಸ್ಥಾನ ಸಿಗಲಿಲ್ಲ.

ಇನ್ನು ಪ್ಯಾಸಿವ್ ಸ್ಪೀಕರುಗಳ ಕಾಲ ಮುಗಿಯಿತು ಎಂಬ ಮಾತಿಗೆ ಬರುತ್ತೇನೆ. ಆಂಪ್ಲಿಫೈಯರನ್ನು ಒಳಗೇ ಇಟ್ಟುಕೊಂಡ ಆ್ಯಕ್ಟಿವ್ ಸ್ಪೀಕರುಗಳಲ್ಲಿ ಬಹಳ ಉತ್ತಮವಾದವು ಇವೆ. ಒಳಗಿನ ಆಂಪ್ಲಿಫೈಯರನ್ನು ಆ ಘಟಕಗಳಿಗೆಂದೇ ಹೊಂದಿಸಿರುತ್ತಾರೆ, ತಂತಿಯ ರಗಳೆ ಕಡಿಮೆ, ಜಾಗವೂ ಕಡಿಮೆ. ಬೆಂಗಳೂರಿನ ಒಣ ಹವೆಯಲ್ಲಿ, ಕೂಗಳತೆಯಲ್ಲಿ ರಿಪೇರಿ ಮಾಡುವವರಿರುವ ಕಡೆ ನಾನೂ ಅದನ್ನೇ ಕೊಳ್ಳುತ್ತಿದ್ದೆನೇನೋ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರಿನ ಸುಮಾರು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುವ ಈ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಎಷ್ಟು ದಿನ ಬಾಳುತ್ತದೆ ಎಂಬುದು ಇಲ್ಲಿ ಟೀವಿ, ಇನ್ವರ್ಟರ್ ಇಟ್ಟುಕೊಂಡವರಿಗೆಲ್ಲ ತಿಳಿದದ್ದೇ. ಮಳೆಗಾಲದ ಹಿಂದೆ ಮುಂದೆ ಗುಡುಗು ಸಿಡಿಲು ಬೇರೆ. ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ಮೂಲಕ ಬಂದರೆ ಆಂಪ್ಲಿಫೈಯರು ಹೋಗಬಹುದು. ವಿದ್ಯುತ್ತಿನ ಸಂಪರ್ಕವೇ ಇಲ್ಲದ ಪ್ಯಾಸಿವ್ ಪೆಟ್ಟಿಗೆ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಅದರೊಳಗೆ ಇರುವುದು ಕೆಲವು ಸುರುಳಿ, ಕೆಲವು ಕೆಪ್ಯಾಸಿಟರ್, ಒಂದೆರಡು ರೆಸಿಸ್ಟರ್. ಹತ್ತಿಪ್ಪತ್ತು ವರ್ಷಗಳಲ್ಲಿ ಕೆಪ್ಯಾಸಿಟರ್ ಸೊರಗಿದರೆ ಬೆಸುಗೆ ಹಾಕಲು ಬಲ್ಲ ಯಾವ ರೇಡಿಯೊ ಮೆಕ್ಯಾನಿಕ್ ಆದರೂ ಬದಲಾಯಿಸಿ ಕೊಡುತ್ತಾನೆ. ನಮ್ಮ ಊರಿನ ಮೆಕ್ಯಾನಿಕ್ ನನ್ನ ಹಳೆಯ ಆಂಪ್ಲಿಫೈಯರನ್ನು ಎರಡು ಸಲ ಬದುಕಿಸಿದ್ದಾನೆ.

ಆದರೆ ಪ್ಯಾಸಿವ್ ಆದ ಮಾತ್ರಕ್ಕೆ ಎಲ್ಲವೂ ಬಾಳುತ್ತದೆಂದಲ್ಲ. ನನ್ನ ಮೊದಲ ಜೋಡಿಯ ಕೋನಿನ ಸುತ್ತಲಿನ ಅಂಚು ಫೋಮಿನದಾಗಿತ್ತು. ಏಳನೆಯ ಮಳೆಗಾಲ ಕಳೆದ ಮೇಲೆ ಜಾಲರಿ ತೆಗೆದು ಬೆರಳು ತಾಗಿಸಿದರೆ ಹಳೆಯ ಅವಲಕ್ಕಿಯಂತೆ ಪುಡಿಯಾಗಿ ಉದುರಿತು. ಈ ಬಗೆಯ ಫೋಮು ತೇವಾಂಶದಿಂದ ರಾಸಾಯನಿಕವಾಗಿ ಒಡೆಯುತ್ತದೆ. ಒಣ ಊರುಗಳಲ್ಲೂ ಹತ್ತು-ಹದಿನೈದು ವರ್ಷಗಳಲ್ಲಿ ಅದರ ಗತಿ ಅಷ್ಟೇ. ಅಂಚು ರಬ್ಬರಿನದೇ ಎಂದು ಖಾತ್ರಿ ಮಾಡಿಕೊಳ್ಳದೆ ಕರಾವಳಿಯವರು ಯಾವ ಸ್ಪೀಕರಿಗೂ ಹಣ ಕೊಡಬಾರದು. ಪೆಟ್ಟಿಗೆಯ ಎಂಡಿಎಫ್ ಹಲಗೆಗೆ ನೀರು ತಾಗಿದರೆ ಊದಿಕೊಳ್ಳುವುದರಿಂದ ಜೋರುಮಳೆಗೆ ಒರತೆ ಬರುವ ಗೋಡೆಯಿಂದ, ಇರಚಲು ಹೊಡೆಯುವ ಕಿಟಕಿಯಿಂದ ದೂರ ಇಡಬೇಕು. ಕೇಳದ ದಿನಗಳಲ್ಲಿ ಪ್ಲಾಸ್ಟಿಕ್ ಹೊದಿಸುವವರಿದ್ದಾರೆ, ಅದು ತೇವವನ್ನು ಒಳಗೇ ಹಿಡಿದಿಟ್ಟು ಬೂಸಲು ಹಿಡಿಸುತ್ತದೆ. ಹಳೆಯ ಹತ್ತಿ ಪಂಚೆ ಮೇಲು. ಪೋರ್ಟಿನ ಬಾಯಿಗೆ ತೆಳುವಾದ ಬಲೆಬಟ್ಟೆ ಕಟ್ಟಿದರೆ ಮಣ್ಣಿನ ಗೂಡು ಕಟ್ಟುವ ಕಣಜ ಮತ್ತು ಮೊಟ್ಟೆಯಿಡುವ ಹಲ್ಲಿ ಒಳಗೆ ಸೇರುವುದಿಲ್ಲ.

ತಂತಿಯ ವಿಷಯ ಬೇಗ ಮುಗಿಯುತ್ತದೆ. ಸಾವಿರಾರು ರೂಪಾಯಿಯ ತಂತಿ ಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಐದು ಮೀಟರ್ ಎಳೆದರೂ ಹೋಗಿಬರುವ ಒಟ್ಟು ರೋಧ ಸುಮಾರು 0.12 ಓಮ್ ಅಷ್ಟೆ. ನಮ್ಮಲ್ಲಿ ಕೆಡುವುದು ತಂತಿಯ ತುದಿ: ಉಪ್ಪುಗಾಳಿಗೆ ತಾಮ್ರ ಕಪ್ಪಾಗಿ, ಹಸಿರಾಗಿ ಸಂಪರ್ಕ ಸಡಿಲವಾಗುತ್ತದೆ. ತವರ ಲೇಪಿಸಿದ ತಾಮ್ರದ ತಂತಿ ಸಿಕ್ಕರೆ ಉತ್ತಮ. ಇಲ್ಲವಾದರೆ ಪ್ರತಿ ದೀಪಾವಳಿಗೆ ಅರ್ಧ ಅಂಗುಲ ಕತ್ತರಿಸಿ ಹೊಸ ತುದಿ ತೆಗೆದು ಬಿಗಿದರೆ ಸಾಕು.

ಪುರವಣಿಯ ಬರಹದ ಚಿತ್ರದಲ್ಲಿ ಸ್ಪೀಕರುಗಳನ್ನು ಪುಸ್ತಕದ ಕಪಾಟಿನೊಳಗೆ ತುರುಕಿಟ್ಟಿತ್ತು. ಬುಕ್‌ಶೆಲ್ಫ್ ಎಂಬ ಹೆಸರು ಗಾತ್ರವನ್ನು ಹೇಳುತ್ತದೆಯೇ ಹೊರತು ಜಾಗವನ್ನಲ್ಲ. ಕಪಾಟಿನೊಳಗೆ ಇಟ್ಟರೆ ಹಲಗೆಗಳು ದನಿಗೂಡಿ ಗಂಡುಧ್ವನಿಗಳೆಲ್ಲ ಮಡಕೆಯೊಳಗಿನ ಮಾತಾಗುತ್ತವೆ. ನನ್ನವಕ್ಕೆ ಇಲ್ಲಿನ ಬಡಗಿಯೊಬ್ಬರು ಹಲಸಿನ ಮರದಲ್ಲಿ ಇಪ್ಪತ್ತೆರಡು ಅಂಗುಲದ ಸ್ಟ್ಯಾಂಡ್ ಮಾಡಿಕೊಟ್ಟಿದ್ದಾರೆ. ಪುಸ್ತಕದ ಕಪಾಟು ಎದುರುಗೋಡೆಗಿದೆ, ಅಲ್ಲಿ ಅದು ಸದ್ದನ್ನು ಚದುರಿಸುತ್ತದೆ. ಸದ್ದು ಮೊದಲು ತಾಗಿ ಮರಳುವ ಪಕ್ಕದ ಗೋಡೆಗೆ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆ ಪದರ ಪದರವಾಗಿ ಜೋಡಿಸಿ ಹೊಲಿಯುವ ದಪ್ಪ ಕೌದಿಯೊಂದನ್ನು ತೂಗುಹಾಕಿದ್ದೇನೆ. ತಗ್ಗಿನ ಸ್ವರಗಳ ಮೇಲೆ ಅದರ ಪ್ರಭಾವವಿಲ್ಲ. ಆದರೆ ಚಂಡೆಯ ಕರ್ಕಶ, ತಾಳದ ಕಿಣಿಕಿಣಿ ಎರಡೂ ಹದಕ್ಕೆ ಬಂದವು. ಮೊನ್ನೆ ಆ ಭಾಗವತರು ಬಂದು ಚಾಪೆಯ ಮೇಲೆ ಕುಳಿತು, ಮೊದಲು ಕೇಳಿದ್ದ ಅದೇ ಮುದ್ರಣವನ್ನು ಪೂರ್ತಿ ಕೇಳಿ, ಮದ್ದಳೆಯವರು ಒಂದು ಕಡೆ ತಾಳ ತಪ್ಪಿದ್ದನ್ನು ಗುರುತಿಸಿದರು. ಅದು ನನಗೆ ಅಷ್ಟು ವರ್ಷಗಳಲ್ಲಿ ಗೊತ್ತೇ ಆಗಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಸ್ಪೀಕರುಗಳ ಬಗ್ಗೆ ಬರಹ ಅಥವಾ ಹೋಲಿಕೆಯ ಪಟ್ಟಿ ಪ್ರಕಟಿಸುವಾಗ ವ್ಯಾಟ್ ಮತ್ತು ಬೆಲೆಯ ಜೊತೆಗೆ ಸೆನ್ಸಿಟಿವಿಟಿ, ಕನಿಷ್ಠ ಇಂಪೀಡೆನ್ಸ್, ಪೋರ್ಟ್ ಎಲ್ಲಿದೆ ಎಂಬುದು ಮತ್ತು ಕೋನಿನ ಅಂಚು ರಬ್ಬರಿನದೋ ಫೋಮಿನದೋ ಎಂಬುದು, ಈ ನಾಲ್ಕನ್ನು ದಯವಿಟ್ಟು ಸೇರಿಸಬೇಕು. ಪ್ಯಾಸಿವ್ ಸ್ಪೀಕರುಗಳ ಕುರಿತ ಮಾತನ್ನು ಕರಾವಳಿ ಆವೃತ್ತಿಯಲ್ಲಾದರೂ ತಿದ್ದಬೇಕು. ಇದು ಮೇ ತಿಂಗಳೊಳಗೆ ಆದರೆ ಹೆಚ್ಚು ಉಪಕಾರ; ಮಳೆ ಹಿಡಿದು ಜನ ಮನೆಯೊಳಗೆ ಕುಳಿತು ಕೇಳುವ ದಿನಗಳು ಬರುವ ಮೊದಲೇ ಇಲ್ಲಿಯವರು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಕೊಂಡು ತರುತ್ತಾರೆ.

ಇತಿ,
ತಮ್ಮ ದೀರ್ಘಕಾಲದ ಓದುಗ,
ಕುಮಟಾ, ಉತ್ತರ ಕನ್ನಡ